ಎಣ್ಣೆ ಮರಕ್ಕೆ ಅಂಟು ಯಾಕೆ ಹಿಡಿಯಲ್ಲ?

ಅಮೆರಿಕದ ಬೇಟೆ ರೈಫಲ್‌ಗಳ ಸ್ಟಾಕ್, ಅಂದ್ರೆ ಹೆಗಲಿಗೆ ಒತ್ತಿ ಹಿಡಿಯುವ ಮರದ ಭಾಗ, ಸಾಂಪ್ರದಾಯಿಕವಾಗಿ ವಾಲ್‌ನಟ್‌ನದು. ಅಂದಕ್ಕಾಗಿ ಅದರ ಮುಂತುದಿಗೆ ಎಬೊನಿ ಅಥವಾ ಕೊಕೊಬೊಲೊ ತುಂಡು ಅಂಟಿಸುವುದುಂಟು. ಕೊಕೊಬೊಲೊ ಮಧ್ಯ ಅಮೆರಿಕದ ಮರ. ನಮ್ಮ ಮಲೆನಾಡಿನ ಬೀಟೆಗೆ ಅದು ದಾಯಾದಿ. ಎರಡೂ ಡಾಲ್ಬರ್ಜಿಯಾ ಕುಲದವು.

ಈ ತುಂಡು ಗುಂಡು ಹಾರಿದಾಗಲೆಲ್ಲ ಹಿಂದೊದೆತ ತಡೆಯಬೇಕು. ಹಾಗಾದ್ರೆ ಎಂಥ ಅಂಟು ಬೇಕು? ಪರೀಕ್ಷಿಸಲು ನಾವು ವರ್ಕ್‌ಶಾಪಿನಲ್ಲಿ ಬೀಟೆ ಚೂರೊಂದನ್ನು ನುಣ್ಣಗೆ ಉಜ್ಜಿ, ವಾರ ಬಿಟ್ಟು, ಹಲಸಿನ ಹಲಗೆಗೆ ಬಿಳಿ ಅಂಟಿನಿಂದ ಅಂಟಿಸಿದೆವು. ಮಾರನೇ ದಿನ ಕೈಯಲ್ಲಿ ಜಗ್ಗಿದ್ದೇ ತಡ, ಟಪ್ ಅಂತ ಕಳಚಿತು. ಅಂಟೆಲ್ಲ ಹಲಸಿನ ಮೇಲೆ. ಬೀಟೆ ಮೇಲೆ ಗುರುತೂ ಇಲ್ಲ!

ತಪ್ಪು ಅಂಟಿನದಲ್ಲ, ಮೇಲ್ಮೈಯದು. ಇಂಥ ಮರಗಳ ಒಳಗಿನ ಎಣ್ಣೆ, ರಾಳ ನಿಧಾನವಾಗಿ ಮೇಲಕ್ಕೆ ಬಂದು ಪದರ ಕಟ್ಟುತ್ತವೆ. ಅಂಟು ಮರವನ್ನು ಮುಟ್ಟುವುದೇ ಇಲ್ಲ. ಒಂದು ಹನಿ ನೀರು ಹಾಕಿ ನೋಡಿ: ಹರಡದೆ ಮುತ್ತಿನಂತೆ ನಿಂತರೆ ಅಂಟಿಗೂ ಅದೇ ಗತಿ.

ಎರಡನೇ ಸಲ ಹೀಗೆ ಮಾಡಿದೆವು:

1. ಅಂಟಿಸುವ ಮುಂಚೆಯೇ 80 ನಂಬರಿನ ಉಪ್ಪುಕಾಗದದಿಂದ ಉಜ್ಜಿ ಹೊಸ ಮೇಲ್ಮೈ ತೆಗೆದೆವು.
2. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ, ಬಣ್ಣ ಬಿಡೋದು ಕಡಿಮೆಯಾಗುವ ತನಕ ಒರೆಸಿದೆವು. ಅಸಿಟೋನ್‌ಗೆ ಬೇಗ ಬೆಂಕಿ ಹತ್ತುತ್ತೆ, ಹುಷಾರು.
3. ಅದು ಆರಿದ ಕೂಡಲೇ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಹಚ್ಚಿದೆವು. ಕ್ಲ್ಯಾಂಪ್ ತೀರಾ ಬಿಗಿದರೆ ಎಪಾಕ್ಸಿ ಹೊರಗೆ ಹರಿದು ಜಾಯಿಂಟ್ ಒಣಗುತ್ತೆ.

ಈ ಸಲ ಸುತ್ತಿಗೆಯಿಂದ ಹೊಡೆದಾಗ ಹಲಸಿನ ನಾರೇ ಕಿತ್ತು ಬಂತು. ಜಾಯಿಂಟ್ ಬದಲು ಮರ ಮುರಿದರೆ ಕೆಲಸ ಸರಿಯಾಗಿದೆ ಎಂದರ್ಥ.

ಆದರೆ ಸ್ಟಾಕ್‌ನಲ್ಲಿ ಕಡಿದ ತುದಿಗೆ ಕಡಿದ ತುದಿ ಕೂರುತ್ತದೆ. ಅಲ್ಲಿ ನಾರಿನ ಕೊಳವೆಗಳು ಅಂಟು ಹೀರುವುದರಿಂದ ಹಿಡಿತ ಕಡಿಮೆ. ಅದಕ್ಕೇ ಒಳಗೆ ಮರದ ಗೂಟವನ್ನೂ ಸೇರಿಸುತ್ತಾರೆ.

ಇನ್ನೊಂದು ಮಾತು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದಿಂದ ಗಟ್ಟಿಯಾಗುತ್ತೆ. ಈ ಮರಗಳ ಕೆಲವು ರಾಸಾಯನಿಕಗಳು ಅದನ್ನು ತಡೆದು ಪಾಲಿಶ್ ಅಂಟಂಟಾಗಿಯೇ ಉಳಿಸುತ್ತವೆ. ಮೊದಲು ತೆಳುವಾಗಿ ಶೆಲಾಕ್, ಅಂದ್ರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಹಚ್ಚಿದರೆ ಸರಿಹೋಗುತ್ತೆ. ಕೊಕೊಬೊಲೊ ಪುಡಿಗೆ ಚರ್ಮ ತುರಿಸಿ ಬೊಬ್ಬೆ ಏಳಬಹುದು. ಮಾಸ್ಕ್, ಪೂರ್ತಿ ತೋಳಿನ ಅಂಗಿ ಮರೀಬೇಡಿ.

ನಿಮ್ಮ ಜಾಯಿಂಟ್ ಬಿಟ್ಟುಕೊಂಡರೆ ಅಂಟನ್ನು ಬೈಯುವ ಮುಂಚೆ ಒಂದು ಹನಿ ನೀರು ಹಾಕಿ ನೋಡಿ.