ಅನೇಕ ರೌಟರುಗಳ ಏಕೀಭಾವ

ಅಂತರ್ಜಾಲದಲ್ಲಿ ಮಾಹಿತಿಯು ಪ್ಯಾಕೆಟ್ ಎಂಬ ಚಿಕ್ಕ ಚಿಕ್ಕ ಕಟ್ಟುಗಳಾಗಿ ಸಂಚರಿಸುವುದಷ್ಟೆ. ಕಟ್ಟಿನ ಮೇಲಣ ವಿಳಾಸವನ್ನೋದಿ ಅದನ್ನು ಮುಂದಣ ದಾರಿಗೆ ಹಚ್ಚುವ ಯಂತ್ರವೇ ರೌಟರ್. ಜಾಲದ ಹೆದ್ದಾರಿಗಳು ಕೂಡುವೆಡೆಯಲ್ಲಿರುವುದು ಕೋರ್ ರೌಟರ್. ಅದರ ಪೆಟ್ಟಿಗೆಯಲ್ಲಿ ಹೊರದಾರಿಗಳನ್ನು ಬರಮಾಡಿಕೊಳ್ಳುವ ಲೈನ್ ಕಾರ್ಡುಗಳೂ, ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಕಟ್ಟುಗಳನ್ನು ಸಾಗಿಸುವ ಒಳಹೆಣಿಗೆಯೂ ಇರುತ್ತವೆ. ಪೆಟ್ಟಿಗೆ ತುಂಬಿದ ಮೇಲೆ ಮಾಡುವುದೇನು?

ಮಗ್ಗುಲಲ್ಲಿ ಬೇರೊಂದು ರೌಟರನ್ನಿಟ್ಟು, ಹೊರದ್ವಾರಗಳ ಮೂಲಕ ಕೇಬಲಿನಿಂದ ಜೋಡಿಸುವುದು ಸುಲಭವಾಗಿ ತೋರುವ ಉಪಾಯ. ಆದರೆ ಬಳಕೆದಾರರಿಗೆ ಸಲ್ಲಬೇಕಾದ ದ್ವಾರಗಳು ಆಗ ಪರಸ್ಪರ ಜೋಡಣೆಗೇ ವ್ಯಯವಾಗುತ್ತವೆ. ಒಂದೊಂದು ರೌಟರೂ ತನ್ನದೇ ದಾರಿಪಟ್ಟಿಯನ್ನು ಇಟ್ಟುಕೊಳ್ಳುವುದರಿಂದ ಆಡಳಿತವೂ ಹಂಚಿಹೋಗುತ್ತದೆ. ವ್ಯಾಕರಣ ಬಲ್ಲ ವಿದ್ಯಾರ್ಥಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. 'ಅರಸನ ಮನೆ' ಎಂಬಲ್ಲಿ ಪದಗಳೆರಡು. ಅದು 'ಅರಮನೆ'ಯಾದಾಗ ಒಳಗಿನ ವಿಭಕ್ತಿ ಲೋಪಿಸಿ, ಇಡೀ ಸಮಾಸಕ್ಕೆ ಕೊನೆಯಲ್ಲಿ ಒಂದೇ ವಿಭಕ್ತಿ ಹತ್ತುತ್ತದೆ. ರೌಟರುಗಳೂ ಹೀಗೆ ಸಮಾಸವಾಗಬೇಕಾದರೆ ಹೊರದ್ವಾರಗಳನ್ನು ಬಿಟ್ಟು ಒಳಹೆಣಿಗೆಗಳನ್ನೇ ಬೆಸೆಯಬೇಕು.

ಈ ಬೆಸುಗೆಯ ಸೂತ್ರ ದೂರವಾಣಿಯ ಕಾಲದ್ದು. ಅಮೆರಿಕದ ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಕ್ಲೋಸ್ ಅದನ್ನು 1953ರಲ್ಲಿ ಪ್ರಕಟಿಸಿದರು. 100 ಒಳದಾರಿಗಳನ್ನು 100 ಹೊರದಾರಿಗಳಿಗೆ ಬೇಕಾದಂತೆ ಕೂಡಿಸಲು ಒಂದೇ ದೊಡ್ಡ ಸ್ವಿಚ್ಚನ್ನು ಕಟ್ಟಿದರೆ 10,000 ಸಂಧಿಬಿಂದುಗಳು ಬೇಕು. ಅದನ್ನೇ ಮೂರು ಹಂತ ಮಾಡಿ, ಮೊದಲ ಹಾಗೂ ಕೊನೆಯ ಹಂತಗಳಲ್ಲಿ ಹತ್ತು ಹತ್ತು, ನಡುವೆ 19 ಸಣ್ಣ ಸ್ವಿಚ್ಚುಗಳನ್ನಿಟ್ಟರೆ ಹಂತಕ್ಕೆ 1,900ರಂತೆ 5,700 ಸಾಕು. ಹತ್ತೊಂಬತ್ತೇ ಏಕೆ? ಹೊಸ ಕರೆ ಹೊರಡುವ ಸ್ವಿಚ್ಚಿನ ಉಳಿದ 9 ದಾರಿಗಳು ನಡುವಿನ 9 ಸ್ವಿಚ್ಚುಗಳನ್ನು ಹಿಡಿದಿರಬಹುದು. ಅದು ಸೇರಬೇಕಾದ ಸ್ವಿಚ್ಚಿನ 9 ದಾರಿಗಳು ಬೇರೆ 9ನ್ನು ಹಿಡಿದಿರಬಹುದು. ಆಗಲೂ ಒಂದು ಬಿಡುವಾಗಿದ್ದೇ ಇರುತ್ತದೆ. ಎಂತಹ ಸರಳವಾದ, ಎಂತಹ ದೃಢವಾದ ಯುಕ್ತಿ!

ಈ ನಡುವಿನ ಹಂತವನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿರಿಸಿದರೆ ಸಮಾಸ ಸಿದ್ಧವಾಯಿತು. ಜ್ಯೂನಿಪರ್ ಕಂಪನಿಯ ಟಿಎಕ್ಸ್ ಮ್ಯಾಟ್ರಿಕ್ಸ್ ನಾಲ್ಕು ಟಿ640 ರೌಟರುಗಳವರೆಗೆ ಒಂದುಗೂಡಿಸುತ್ತಿತ್ತು. ಸಿಸ್ಕೊ 2004ರಲ್ಲಿ ಪ್ರಕಟಿಸಿದ ಸಿಆರ್‌ಎಸ್-1ರಲ್ಲಿ 72 ಲೈನ್ ಕಾರ್ಡ್ ಪೆಟ್ಟಿಗೆಗಳನ್ನು 8 ಹೆಣಿಗೆ ಪೆಟ್ಟಿಗೆಗಳ ಮೂಲಕ ಬೆಸೆಯಬಹುದೆಂದೂ, ಅದರ ಸಾಮರ್ಥ್ಯ ಸೆಕೆಂಡಿಗೆ 92 ಟೆರಾಬಿಟ್ ಎಂದೂ ಹೇಳಲಾಗಿತ್ತು. ಬರುವುದನ್ನೂ ಹೋಗುವುದನ್ನೂ ಕೂಡಿಸಿದ ಲೆಕ್ಕವಿದು. ಅರ್ಧವೇ ನಿಜವಾದ ಸಾಗಣೆ. ಹೊರಗಿನ ಜಾಲಕ್ಕೆ ಇದೆಲ್ಲವೂ ಒಂದೇ ರೌಟರಾಗಿ ಕಾಣುತ್ತದೆ. ಸಂಚಾರವನ್ನು ನಿಲ್ಲಿಸದೆ ಪೆಟ್ಟಿಗೆಗಳನ್ನು ಕೂಡಿಸುತ್ತ ಹೋಗುವುದೇ ಇದರ ದೊಡ್ಡ ಗುಣ.

ದೋಷವೂ ಇಲ್ಲೇ ಇದೆ. ಶಾಸನ ಒಂದಾದರೆ ಅಪಾಯವೂ ಒಂದಾಗುತ್ತದೆ. ಆಳುವ ಗಣಕಕ್ಕೆ ಜೊತೆಯಾಳಾಗಿ ಇನ್ನೊಂದನ್ನು ಇಟ್ಟಿರುತ್ತಾರೆ, ದಿಟ. ಆದರೆ ಎರಡರಲ್ಲೂ ಓಡುವ ತಂತ್ರಾಂಶದಲ್ಲೇ ತಪ್ಪಿದ್ದರೆ ಜೊತೆಯಾಳಿನಿಂದ ಬಂದ ಲಾಭವೇನು? ಬಿಡಿ ರೌಟರುಗಳಲ್ಲಾದರೆ ಒಂದು ಕೆಟ್ಟರೆ ಉಳಿದವು ನಡೆಯುತ್ತವೆ.

ಅಮೆರಿಕದ ಎಟಿ ಆಂಡ್ ಟಿ ಸಂಸ್ಥೆ 2019ರಲ್ಲಿ ಬಹಿರಂಗಗೊಳಿಸಿದ ವಿನ್ಯಾಸವು ದೊಡ್ಡ ಪೆಟ್ಟಿಗೆಯನ್ನೇ ಕೈಬಿಟ್ಟಿತು. ಅದರ ಅತಿ ದೊಡ್ಡ ರೂಪದಲ್ಲಿ 48 ಲೈನ್ ಕಾರ್ಡ್ ಘಟಕಗಳು, 13 ಹೆಣಿಗೆ ಘಟಕಗಳು. ಸಾಮರ್ಥ್ಯ 192 ಟೆರಾಬಿಟ್. ಪ್ರತಿಯೊಂದು ಲೈನ್ ಘಟಕದಿಂದಲೂ 13 ಹೆಣಿಗೆ ಘಟಕಗಳಿಗೆ ಒಂದೊಂದು ಕೇಬಲ್, ಒಟ್ಟು 624. ಪೆಟ್ಟಿಗೆಯ ಬೆನ್ನಹಲಗೆಯಲ್ಲಿ ಅಡಗಿದ್ದ ಜಾಲ ಈಗ ಕೋಣೆಯ ತುಂಬ ಹರಡಿದೆ. ಅವುಗಳಲ್ಲಿ ಒಂದು ಸಡಿಲವಾದರೂ ಅದಾವುದೆಂದು ಹುಡುಕುವ ಹೊಣೆ ತಂತ್ರಾಂಶಕ್ಕೆ ಸೇರಿತು.