ಕಿಟ್ಟೆಲ್ ಪಂಡಿತರೂ ನಮ್ಮ ಮನೆಮಾತೂ



ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿಗೆ ಆಂಗ್ಲೋ-ಸಾಕ್ಸನ್ ಎಂದು ಹೆಸರು. ಇಂದಿನ ಇಂಗ್ಲೆಂಡಿನ ಬಾಲಿಕೆಯು ಅದನ್ನು ಪರಭಾಷೆಯಂತೆಯೇ ಕಲಿಯಬೇಕಾಗುತ್ತದೆ. ಆ ಭಾಷೆಗೆ ಬಾಸ್‌ವರ್ತ್ ಎಂಬ ವಿದ್ವಾಂಸರು 1838ರಲ್ಲಿ ನಿಘಂಟನ್ನು ಪ್ರಕಟಿಸಿದರು. ನಮ್ಮ ಹಳಗನ್ನಡಕ್ಕೆ ಅಂತಹದೇ ಸೇವೆಯನ್ನು ಸಲ್ಲಿಸಿದವರು ಫೆರ್ಡಿನಾಂಡ್ ಕಿಟ್ಟೆಲರು.

ಇವರು 1832ರಲ್ಲಿ ಜರ್ಮನಿಯ ಉತ್ತರ ಕಡಲ ತೀರದ ಪೂರ್ವ ಫ್ರೀಸಿಯಾ ಸೀಮೆಯಲ್ಲಿ ಜನಿಸಿದರು. ಆ ಸೀಮೆಯ ಪ್ರಾಚೀನ ಭಾಷೆಯು ಆಂಗ್ಲೋ-ಸಾಕ್ಸನ್ನಿಗೆ ಸೋದರಿಯೆಂಬುದು ಗಮನಿಸತಕ್ಕ ವಿಷಯ. 1853ರಲ್ಲಿ ಬಾಸೆಲ್ ಮಿಶನಿನ ಪರವಾಗಿ ಕನ್ನಡನಾಡಿಗೆ ಬಂದು, ಕನ್ನಡವನ್ನು ಆಳವಾಗಿ ಅಭ್ಯಸಿಸಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು.

ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ಸುಮಾರು 70,000 ಶಬ್ದಗಳು! ಕಿಟ್ಟೆಲರು ಶಬ್ದಕ್ಕೆ ಅರ್ಥವನ್ನು ಮಾತ್ರ ಬರೆದು ಸುಮ್ಮನಾಗಲಿಲ್ಲ. ಹಳೆಯ ಕಾವ್ಯಗಳಿಂದ ಸಾಕ್ಷಿಯನ್ನು ತಂದರು, ಜನರ ಬಾಯಿಯ ಗಾದೆಗಳನ್ನೂ ಅದೇ ಗೌರವದಿಂದ ಸೇರಿಸಿದರು. ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳ ಸಂಬಂಧಿ ಶಬ್ದಗಳನ್ನೂ ಜತೆಯಲ್ಲಿ ಕಾಣಿಸಿದರು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ನಾನು ಅಧ್ಯಾಪಿಕೆಯಾದ ಹೊಸತರಲ್ಲಿ ಒಬ್ಬ ಹುಡುಗಿ ಪ್ರಬಂಧದಲ್ಲಿ ‘ಹಂದಿ’ಗೆ ಬದಲಾಗಿ ‘ಪಂಜಿ’ ಎಂದು ಬರೆದಳು. ತುಳುವು ಕೆಟ್ಟುಹೋದ ಕನ್ನಡವೆಂದು ನಾನು ತರಗತಿಯಲ್ಲಿ ಹೇಳಿಬಿಟ್ಟೆ. ಅವಳು ವರ್ಷವಿಡೀ ಬಾಯಿ ತೆರೆಯಲಿಲ್ಲ. ಬಳಿಕ ಹಳಗನ್ನಡವನ್ನು ಓದುವಾಗ ಪಂಪನ ಕಾಲದವರೂ ‘ಪಂದಿ’, ‘ಪುಲಿ’, ‘ಪೂ’ ಎನ್ನುತ್ತಿದ್ದರೆಂದು ತಿಳಿಯಿತು. ಕನ್ನಡವೇ ಕಾಲಕ್ರಮದಲ್ಲಿ ಪಕಾರವನ್ನು ಬಿಟ್ಟು ಹಕಾರವನ್ನು ಹಿಡಿದಿತ್ತು. ಕುಂಬ್ರದ ಮನೆಗಳ ‘ಪಂಜಿ’, ‘ಪಿಲಿ’, ‘ಪೂ’ ಆ ಹಳೆಯ ಪಕಾರವನ್ನು ಉಳಿಸಿಕೊಂಡಿದ್ದುವು. ಕೆಟ್ಟದ್ದು ತುಳುವಲ್ಲ, ನನ್ನ ತಿಳಿವಳಿಕೆ. ಪ್ರಬಂಧದಲ್ಲಿ ‘ಹಂದಿ’ ಎಂದೇ ಬರೆಯಬೇಕು, ಸರಿ. ಆದರೆ ಆ ಮಾತನ್ನು ನಾನು ಆಡಬಾರದಿತ್ತು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಕಿಟ್ಟೆಲರಿಗೆ ಡಾಕ್ಟರ್ ಪದವಿಯನ್ನಿತ್ತಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ನಮ್ಮ ಪುಸ್ತಕಾಲಯದ ನಿಘಂಟಿನ ಹೊಲಿಗೆ ಸಡಿಲವಾಗಿದೆ. ಮೇಜಿನ ಮೇಲಿಟ್ಟು, ಎರಡು ಕೈಗಳಿಂದ ತೆರೆಯಿರಿ. ನಿಮ್ಮ ಮನೆಯ ಒಂದು ಮಾತನ್ನು ಮೊದಲು ಹುಡುಕಿರಿ.