ಕೋವಿಯ ನಳಿಗೆ ಕತ್ತರಿಸಬೇಡಿ

ಪುತ್ತೂರು, ಸುಳ್ಯ, ಕಡಬದ ಕಡೆ ಬೆಳೆ ರಕ್ಷಣೆಗೆಂದು ಪರವಾನಿಗೆಯ ಕೋವಿ ಇಟ್ಟುಕೊಂಡ ಕೃಷಿಕರು ಹಲವರಿದ್ದಾರೆ. ಅವರಲ್ಲಿ ಒಬ್ಬಿಬ್ಬರಿಗಾದರೂ ಈ ಆಲೋಚನೆ ಬಂದಿರುತ್ತದೆ: ಕೊಕ್ಕೋ ಗೆಲ್ಲಿಗೆ, ಕಾಡುಬಳ್ಳಿಗೆ ಉದ್ದ ನಳಿಗೆ ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ಕತ್ತರಿಸಿದರೆ ಹೇಗೆ?

ದಯವಿಟ್ಟು ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ನಳಿಗೆ ಮೊಟಕು ಮಾಡಲು ಬೇರೆಯೇ ಪರವಾನಿಗೆ ಬೇಕು. ನಿಮ್ಮಲ್ಲಿರುವ ಪರವಾನಿಗೆ ಅದಕ್ಕೆ ಸಾಲದು. ಕಾನೂನಿನ ಮಾತು ಹಾಗಿರಲಿ, ಬಾಯಿಂದ ಮದ್ದು ತುಂಬುವ ಕೋವಿಯಲ್ಲಿ ಕರಿಮದ್ದು ಉರಿಯಲು ನಳಿಗೆಯ ಉದ್ದ ಬೇಕೇ ಬೇಕು. ಗಿಡ್ಡವಾದಷ್ಟೂ ಗುಂಡಿನ ವೇಗ ಇಳಿಯುತ್ತದೆ, ಬೆಂಕಿಯೂ ಸದ್ದೂ ಮುಖದ ಹತ್ತಿರಕ್ಕೆ ಬರುತ್ತವೆ. ಗಿಡ್ಡ ಕೋವಿಗೆ ಗಜ (ಮದ್ದು ಜಡಿಯುವ ಸಲಾಕೆ) ಹಾಕಿ ಜಡಿಯುವಾಗ ಅದರ ಬಾಯಿ ಎದೆಮಟ್ಟದಲ್ಲೇ ಇರುತ್ತದೆ. ನನಗೆ ಹೆಚ್ಚು ಹೆದರಿಕೆ ಇದರದೇ. ಪೊದೆಯಲ್ಲಿ ಓಡಾಡುವಾಗ ಕೋವಿ ಖಾಲಿಯಾಗಿರಲಿ, ಬಾಯಿ ನೆಲದ ಕಡೆಗಿರಲಿ. ಪೊದೆಯಾಚೆ ಅಲುಗಾಡುವುದು ಹಂದಿಯೇ ಎಂದು ಕತ್ತಲಲ್ಲಿ ನಂಬಬೇಡಿ, ನೆರೆಮನೆಯವರೂ ತೋಟ ಕಾಯಲು ಬಂದಿರಬಹುದು.

ಬೇಟೆಯ ಆಸೆಯಂತೂ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಡವೆ, ಕಾಟಿಗಳಿಗೆ ರಕ್ಷಣೆ ಕೊಟ್ಟಿದೆ, ಕಾಡುಹಂದಿಯನ್ನೂ ಅನುಮತಿ ಇಲ್ಲದೆ ಕೊಲ್ಲುವಂತಿಲ್ಲ. ಆನೆ ಬಂದರೆ ಕೋವಿ ಮುಟ್ಟದೆ ಮನೆಯೊಳಗೇ ಉಳಿದು ಅರಣ್ಯ ಇಲಾಖೆಗೆ ಫೋನ್ ಮಾಡಿ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಆನೆ ದಾಳಿಗೆ ಎರಡು ಜೀವ ಹೋದದ್ದು ನೆನಪಿರಲಿ. ಹಂದಿ ಕಾಟಕ್ಕೆ ಸೋಲಾರ್ ಬೇಲಿ ಹಾಕಿಸಿ, ಬೆಳೆ ನಷ್ಟವಾದರೆ ಫೋಟೋ ತೆಗೆದಿಟ್ಟುಕೊಂಡು ಪರಿಹಾರಕ್ಕೆ ತಡಮಾಡದೆ ಅರ್ಜಿ ಕೊಡಿ.